ಮಣ್ಣಿನ ಮೇಲಿನದ್ದು, ಮಣ್ಣಿನ ಕೆಳಗಿನದ್ದು

ಇದರಲ್ಲಿ ಕೆಲವು ತಪ್ಪುಗಳಿರಬಹುದು ಎಂದು ಮೊದಲೇ ಹೇಳಿಬಿಡುತ್ತೇನೆ. ನಾನು ಇಂಗ್ಲೆಂಡಿಗೆ ಹೋದದ್ದು ಅರವತ್ತಮೂರರಲ್ಲೋ ಅರವತ್ತನಾಲ್ಕರಲ್ಲೋ ಎಂಬುದನ್ನು ಪಾಸ್‌ಪೋರ್ಟ್ ತೆಗೆದು ನೋಡಿ ತಿಳಿಯಬಹುದು. ಅಲ್ಲಿದ್ದ ಚಿಕ್ಕಮ್ಮನ ಅಡುಗೆಮನೆಯ ಪರದೆ ಹಸಿರೋ ನೀಲಿಯೋ ಎಂಬುದಕ್ಕೆ ಪಾಸ್‌ಪೋರ್ಟ್ ಇಲ್ಲ. ಸಾಲದ್ದಕ್ಕೆ ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಚಿಕ್ಕಮ್ಮ ಇದ್ದದ್ದಕ್ಕಿಂತ ಗಂಭೀರರಾಗುತ್ತಾರೆ, ಅಜ್ಜಿಯ ಜೋರು ಸ್ವಲ್ಪ ಇಳಿಯುತ್ತದೆ. ಒಂದು ಬಟಾಟೆಯ ವಿಷಯದಲ್ಲಿ ಮಾತ್ರ ನನಗೆ ಸಂಶಯವಿಲ್ಲ ಅಂದುಕೊಂಡಿದ್ದೆ. ಬರೆಯಲು ಕೂತ ಮೇಲೆ ಅದರ ಬಗ್ಗೆಯೇ ಹೆಚ್ಚು ಸಂಶಯ.

ಬೆಳುವಾಯಿ

ನಮ್ಮ ಮನೆ ಬಂಟ್ವಾಳದ ಪೇಟೆಯಲ್ಲಿ. ಅಮ್ಮನ ತವರು ಮೂಡಬಿದ್ರೆಯಿಂದ ಆಚೆ, ಬೆಳುವಾಯಿಯಲ್ಲಿ. ಹೊರಡುವ ಮೊದಲು ಅಜ್ಜಿಗೆ ಹೇಳಿ ಬರಲೆಂದು ಅಲ್ಲಿಗೆ ಹೋದೆ. ಬೇಸಿಗೆ ಇನ್ನೂ ಏರಿರಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಸೌತೆಯ ಸಾಲು, ಹರಿವೆಯ ಸಾಲು, ಅಂಚಿನಲ್ಲಿ ಕೋಲಿಗೆ ಹಬ್ಬಿದ ಅಲಸಂಡೆ. ಅಜ್ಜಿ ಬದುವಿನ ಮೇಲೆ ನಿಂತು ನೀರು ಹೊಯ್ಯುವವರಿಗೆ ಹೇಳುತ್ತಿದ್ದರು. ಅವರು ಹೇಳುವವರು, ಗದ್ದೆಗೆ ಇಳಿಯುವವರಲ್ಲ. ಆ ಮನೆಯ ಹೆಂಗಸರು ಯಾರೂ ಇಳಿಯುವವರಲ್ಲ.

ಮಳೆಗಾಲಕ್ಕೆ ಮೊದಲು ಆ ಸೌತೆಕಾಯಿಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿ ಅಡುಗೆಮನೆಯ ಮಾಡಿಗೆ ತೂಗಹಾಕುತ್ತಿದ್ದರು. ಸಣ್ಣವಳಿದ್ದಾಗ ನಾನು ಕೆಳಗೆ ಮಲಗಿ, ಯಾವುದು ಮೊದಲು ಕೊಳೆತು ಯಾರ ತಲೆ ಮೇಲೆ ಬೀಳುತ್ತದೆ ಎಂದು ಕಾಯುತ್ತಿದ್ದೆ. ಯಾರ ತಲೆ ಮೇಲೂ ಬಿದ್ದ ನೆನಪಿಲ್ಲ. ಬೀಳುವ ಮೊದಲೇ ಅವು ಒಂದೊಂದಾಗಿ ನೆರೆಮನೆಗಳಿಗೆ ಹೋಗುತ್ತಿದ್ದವು. ಬೀಜ ಕೇಳಲು ಬಂದವರನ್ನು ಅಜ್ಜಿ ಜಗಲಿಯಲ್ಲಿ ಕೂರಿಸಿ, ಇಡೀ ಊರಿನ ಸುದ್ದಿ ವಸೂಲು ಮಾಡಿ, ಆಮೇಲೆ ಕೊಡುತ್ತಿದ್ದರು.

ನಮ್ಮದು ಜೈನರ ಮನೆ. ನೆಲದಡಿಯಲ್ಲಿ ಬೆಳೆಯುವ ಬಟಾಟೆ, ನೀರುಳ್ಳಿ, ಮೂಲಂಗಿ, ಗೆಣಸು ಯಾವುದೂ ಅಜ್ಜಿಯ ಹೊಸ್ತಿಲು ದಾಟಿದ್ದಿಲ್ಲ. ಗೆಡ್ಡೆ ಕಿತ್ತರೆ ಇಡೀ ಗಿಡದ ಜೀವ ಹೋಗುತ್ತದೆ, ಮಣ್ಣಿನೊಳಗಿನ ಸಣ್ಣ ಜೀವಗಳೂ ಹೋಗುತ್ತವೆ ಎಂಬ ಭಾವನೆ. ಸೂರ್ಯ ಮುಳುಗಿದ ಮೇಲೆ ಊಟವೂ ಇಲ್ಲ. ಹೀಗೆ ಬೆಳೆದ ಚಿಕ್ಕಮ್ಮ, ಎಂದರೆ ಅಮ್ಮನ ಕೊನೆಯ ತಂಗಿ, ಬೆಳ್ತಂಗಡಿಯ ಕಡೆಯ ಡಾಕ್ಟರರನ್ನು ಮದುವೆಯಾಗಿ ಇಂಗ್ಲೆಂಡಿನ ಒಂದು ಗಿರಣಿ ಊರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ನನಗೆ ಅದೇ ಸೀಮೆಯಲ್ಲಿ ಅಧ್ಯಾಪಕರ ತರಬೇತಿಗೆ ಆರು ತಿಂಗಳ ಅವಕಾಶ ಸಿಕ್ಕಿತ್ತು.

"ಅವಳು ಅಲ್ಲಿ ಎಂತ ತಿಂತಾಳೆ, ನೀನು ಕಣ್ಣಾರೆ ನೋಡಿ ಬರ್ಬೇಕು" ಎಂದರು ಅಜ್ಜಿ. "ಅವಳ ಗಂಡ ಬರೆಯುದು ನಂಬ್ಲಿಕ್ಕೆ ಆಗುದಿಲ್ಲ. ಡಾಕ್ಟ್ರಲ್ಲವಾ, ಎಲ್ಲರೂ ಸೌಖ್ಯ ಅಂತಲೇ ಬರೆಯುದು."

"ತಿನ್ಲಿಕ್ಕೆ ಏನೂ ಇಲ್ಲದಿದ್ರೆ, ಅಜ್ಜಿ?"

"ಕರ್ಕೊಂಡು ಬಾ. ಅವನು ಬೇಕಾದ್ರೆ ಅಲ್ಲೇ ಇದ್ದು ಔಷಧಿ ಕೊಡ್ಲಿ."

ತಮಾಷೆಯಲ್ಲ ಎಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಮೈಸೂರಿನ ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಏನು ತಿಂದೆ ಎಂದು ಅಜ್ಜಿ ಯಾವತ್ತೂ ಕೇಳಿರಲಿಲ್ಲ. ಕೇಳದ್ದು ಇಬ್ಬರಿಗೂ ಒಳ್ಳೆಯದಾಯಿತು.

ಬಂದರು

ಹಡಗಿನ ವಿಷಯ ಬಿಡುತ್ತೇನೆ. ಹಡಗು ಹತ್ತಿದವರೆಲ್ಲ ವಾಂತಿಯ ಬಗ್ಗೆ ಬರೆದಿದ್ದಾರೆ. ಇಳಿದ ಮೇಲಿನದ್ದನ್ನು ಹೇಳಬೇಕು.

ಅಜ್ಜಿ ಒಂದು ಬಿಳಿ ಬಟ್ಟೆಯಲ್ಲಿ ಸೌತೆಬೀಜ ಕಟ್ಟಿ ಕೊಟ್ಟಿದ್ದರು. ಹುಳ ಹಿಡಿಯಬಾರದೆಂದು ಒಲೆಯ ಬೂದಿ ತುಂಬಿದ್ದರು. ಬೀಜ ಸ್ವಲ್ಪ, ಬೂದಿ ಬಹಳ. ಸುಂಕದ ಅಧಿಕಾರಿ ಪೆಟ್ಟಿಗೆ ತೆರೆಸಿ ಆ ಗಂಟು ಬಿಚ್ಚಿದ. ಬೆರಳ ತುದಿಯಿಂದ ಮುಟ್ಟಿ, ಇದೇನೆಂದು ಕೇಳಿದ.

"ಬೂದಿ" ಎಂದೆ. ಮೇಲೆ ಕಾಣುತ್ತಿದ್ದದ್ದು ಅದೇ.

"ಯಾರದ್ದು?"

"ನನ್ನ ಅಜ್ಜಿಯದ್ದು."

ಅವನು ಬೆರಳನ್ನು ಥಟ್ಟನೆ ಹಿಂದೆ ತೆಗೆದ. ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ನನ್ನ ಹಿಂದೆ ಗುಣುಗುಡುತ್ತಿದ್ದ ಸಾಲು ತಣ್ಣಗಾಯಿತು. ಬಹಳ ಮೆಲ್ಲಗೆ ಏನೋ ಸಮಾಧಾನದ ಮಾತು ಹೇಳಿ, ಅಜ್ಜಿ ಕಟ್ಟಿದ್ದಕ್ಕಿಂತ ಚಂದ ಗಂಟು ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. ಬೆಳುವಾಯಿಯಲ್ಲಿ ಅಜ್ಜಿ ಆ ಹೊತ್ತಿಗೆ ಯಾರನ್ನಾದರೂ ಬೈಯುತ್ತಿದ್ದಿರಬೇಕು. ತಿದ್ದಬೇಕೆಂದು ನಾನು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ನನ್ನ ಪೆಟ್ಟಿಗೆ ಆಚೆ ದಾಟಿ ಹೋಗಿತ್ತು.

ರೈಲು ಹಳಿಯ ಪಕ್ಕ

ಬಾಗಿಲು ತೆರೆದ ಹೆಂಗಸನ್ನು ನಾನು ಒಂದು ಕ್ಷಣ ಗುರುತಿಸಲಿಲ್ಲ. ಸೀರೆಯ ಮೇಲೆ ಚಿಕ್ಕಪ್ಪನ ಹಳೆ ಕೋಟು. ಸೀರೆಯ ಕೆಳಗೆ ಮೊಣಕಾಲುದ್ದದ ರಬ್ಬರು ಬೂಟು. ಬೂಟಿಗೆ ಕಪ್ಪು ಕೆಸರು. ನನಗೆ ಗೊತ್ತಿದ್ದ ಚಿಕ್ಕಮ್ಮ ಬೆಳುವಾಯಿಯ ಅಂಗಳ ದಾಟಬೇಕಾದರೂ ಚಪ್ಪಲಿ ಹುಡುಕುತ್ತಿದ್ದವರು.

"ಎಂತ ಹಾಗೆ ನೋಡುದು? ಒಳಗೆ ಬಾ ಮಾರಾಯ್ತಿ, ಚಳಿ ಒಳಗೆ ಬರ್ತದೆ" ಎಂದರು. ಮತ್ತೆ ನನ್ನ ಕಣ್ಣು ಹೋದ ಕಡೆ ನೋಡಿ, "ಅಮ್ಮನಿಗೆ ಬೂಟಿನ ಸುದ್ದಿ ಹೇಳ್ಬೇಡ."

ಮೊದಲ ಎರಡು ವರ್ಷದ ಕತೆಯನ್ನು ಚಿಕ್ಕಪ್ಪ ಹೇಳಿದರು. ಅಂಗಡಿಯಲ್ಲಿ ಸಿಗುತ್ತಿದ್ದದ್ದು ಬಟಾಟೆ, ಗಜ್ಜರಿ, ನೀರುಳ್ಳಿ, ಎಲ್ಲವೂ ಬೇಡದ್ದು. ಚಿಕ್ಕಮ್ಮ ಅನ್ನ, ಬೇಳೆ, ಡಬ್ಬಿಯ ಬಟಾಣಿ ತಿಂದು ಕಿಟಕಿಯ ಹತ್ತಿರ ಕೂತಿರುತ್ತಿದ್ದರು. ಚಳಿಗಾಲದಲ್ಲಿ ಅಲ್ಲಿ ಸೂರ್ಯ ನಾಲ್ಕು ಗಂಟೆಗೇ ಮುಳುಗುತ್ತಾನೆ. ಮಧ್ಯಾಹ್ನದ ತಟ್ಟೆ ಒಣಗುವ ಮೊದಲೇ ರಾತ್ರಿಯ ಊಟಕ್ಕೆ ಕೂರಬೇಕು. ಆಮೇಲೆ ಮಲಗುವವರೆಗೆ ಮಾತಿಗೆ ಜನವಿಲ್ಲ. "ಬೀದಿಯಲ್ಲಿ ಎಲ್ಲರೂ ಒಳ್ಳೆಯವರೇ," ಎಂದರು ಚಿಕ್ಕಮ್ಮ, "ಆದರೆ ಒಳ್ಳೆಯವರೆಲ್ಲ ಬಾಗಿಲು ಹಾಕ್ಕೊಂಡಿರ್ತಾರೆ."

ಆ ಊರಿನ ಅಂಚಿನಲ್ಲಿ, ರೈಲು ಹಳಿಯ ಉದ್ದಕ್ಕೂ ಒಂದು ಬಯಲು. ಹಿತ್ತಲಿಲ್ಲದ ಮನೆಯವರಿಗೆ ಅದನ್ನು ತುಂಡು ತುಂಡಾಗಿ ಕೊಡುತ್ತಾರೆ. ಅವರವರ ತುಂಡಿನಲ್ಲಿ ಅವರವರು ಬೆಳೆದು ತಿನ್ನಬಹುದು. ಹೆರಾಲ್ಡ್ ಎಂಬ ಮುದುಕರು, ರೈಲ್ವೆಯಲ್ಲಿದ್ದು ನಿವೃತ್ತರಾದವರು, ಹೆಂಡತಿ ತೀರಿಕೊಂಡವರು, ಬಿದ್ದು ಮಣಿಕಟ್ಟು ಮುರಿದುಕೊಂಡು ಚಿಕ್ಕಪ್ಪನ ಆಸ್ಪತ್ರೆಗೆ ಬಂದಿದ್ದರು. ಕೈ ಸರಿಯಾದರೂ ಇಡೀ ಜಾಗ ಅಗೆಯುವ ಶಕ್ತಿ ಬರಲಿಲ್ಲ. ಅರ್ಧವನ್ನು ನಿಮ್ಮ ಮನೆಯವರು ಮಾಡುತ್ತಾರಾ ಎಂದು ಚಿಕ್ಕಪ್ಪನನ್ನು ಕೇಳಿದರಂತೆ.

"ಇವಳು ಆಗುದಿಲ್ಲ ಹೇಳ್ತಾಳೆ ಅಂತ ನಾನು ಗ್ರಹಿಸಿದ್ದು" ಎಂದರು ಚಿಕ್ಕಪ್ಪ. "ಮರುದಿನ ಬೂಟು ತಂದು ಕೊಡಿ ಅಂದ್ಳು."

ನಾನು ಬಂದ ಮರುದಿನ ಚಿಕ್ಕಮ್ಮನೊಡನೆ ಬಯಲಿಗೆ ಹೋದೆ. ನಮ್ಮ ಮುರಕಲ್ಲಿನ ಕೆಂಪು ಮಣ್ಣು ಕಂಡವರಿಗೆ ಆ ಮಣ್ಣು ಮಸಿಯ ಹಾಗೆ ಕಾಣುತ್ತದೆ. ಬೀದಿಯಲ್ಲಿ ಮುಖ ತಗ್ಗಿಸಿ ಹೋಗುವ ಜನ ಅಲ್ಲಿ ಬೇಲಿಯಾಚೆಯಿಂದ ಕೂಗಿ ಮಾತಾಡುತ್ತಿದ್ದರು. ನಮ್ಮಲ್ಲಿ ಒಬ್ಬರ ಮಕ್ಕಳನ್ನು ಇನ್ನೊಬ್ಬರು ಟೀಕಿಸುವ ಹಾಗೆ ಅಲ್ಲಿ ಒಬ್ಬರ ಎಲೆಕೋಸನ್ನು ಇನ್ನೊಬ್ಬರು ಟೀಕಿಸುತ್ತಾರೆ. ಚಿಕ್ಕಮ್ಮನನ್ನು ಎಲ್ಲರೂ "ಜೇನ್" ಎಂದು ಕರೆಯುತ್ತಿದ್ದರು. ಮಿಸೆಸ್ ಜೈನ್ ಎಂದು ಹೇಳಿಕೊಂಡದ್ದು ಹಾಗೆ ತಿರುಗಿ, ಅದೇ ಅವರ ಹೆಸರೆಂದು ಗಟ್ಟಿಯಾಗಿತ್ತು.

"ಕರೀಲಿ" ಎಂದರು ಚಿಕ್ಕಮ್ಮ. "ಜೇನು ಅಂತ ಕರೆದ್ರೆ ಬೇಜಾರು ಎಂತದು? ನಾವು ತಿನ್ನುದಿಲ್ಲ ಅಷ್ಟೆ."

ಅಲ್ಲಿಯವರು ಎಲೆ ತಿನ್ನುವ ಬಸವನಹುಳುಗಳನ್ನು ಕೊಲ್ಲುತ್ತಾರೆ. ಚಿಕ್ಕಮ್ಮ ಬೆಳಿಗ್ಗೆ ಅವುಗಳನ್ನು ಒಂದು ಡಬ್ಬಿಯಲ್ಲಿ ಹೆಕ್ಕಿ ಹಳಿಯ ದಿಣ್ಣೆಯ ಮೇಲೆ ಬಿಟ್ಟು ಬರುತ್ತಿದ್ದರು. "ಊಟದ ಹೊತ್ತಿಗೆ ತಿರುಗಿ ಬರ್ತವೆ, ಜೇನ್" ಎಂದು ಹೆರಾಲ್ಡ್ ನಗುತ್ತಿದ್ದರು. "ಬರಲಿ, ನಡೆದು ಹಸಿವೆಯಾಗ್ತದೆ ಅವಕ್ಕೂ" ಎಂದು ಚಿಕ್ಕಮ್ಮ ತುಳುವಿನಲ್ಲೇ ಉತ್ತರಿಸುತ್ತಿದ್ದರು. ಹೆರಾಲ್ಡರಿಗೆ ಅದು ಅರ್ಥವಾಗುತ್ತಿತ್ತೆಂದೇ ನನ್ನ ನೆನಪು. ಹೇಗೆ ಸಾಧ್ಯವೋ ಗೊತ್ತಿಲ್ಲ.

ಅಜ್ಜಿಯ ಪ್ರಶ್ನೆಗೆ ಬೇಕಾದ ಉತ್ತರ ನನಗೆ ಅಲ್ಲಿ ಸಿಕ್ಕಿತ್ತು. ವಾರದ ಕೊನೆಗೆಲ್ಲ ನಾನು ಅಲ್ಲಿಗೆ ಹೋಗಿ, ಆ ಅರ್ಧ ತುಂಡಿನದ್ದನ್ನು ಕೊಯ್ದು ಅವರೊಡನೆ ಉಂಡಿದ್ದೇನೆ. ಕೆಂಪು ಹೂವಿನ ಬಳ್ಳಿಯ ಅವರೆಯನ್ನು ಅಲಸಂಡೆಯೆಂದು ಪಲ್ಯ ಮಾಡಿದರು. ರುಬಾರ್ಬ್ ಎಂಬ ಹುಳಿ ದಂಟು ಹುಣಸೆಯ ಬದಲಿಗೆ ಸಾರಿಗೆ ಬಿತ್ತು. ಚಿಕ್ಕಮ್ಮನ ಕೆನ್ನೆ ತುಂಬಿಕೊಂಡಿತ್ತು. ನಿದ್ದೆ ಬರುತ್ತದೆ ಎಂದರು. ಜೂನಿನಲ್ಲಿ ಸೂರ್ಯ ರಾತ್ರಿ ಹತ್ತರ ತನಕ ಇರುತ್ತಿದ್ದ. "ಈ ದೇಶ ಆರು ತಿಂಗಳು ನಮ್ಮನ್ನು ಉಪವಾಸ ಹಾಕಿ, ಆರು ತಿಂಗಳು ತಿನ್ನಿ ಅಂತದೆ" ಎನ್ನುತ್ತಿದ್ದರು. ಅಜ್ಜಿಯ ಸೌತೆಬೀಜ ಹೊರಗೆ ಹುಟ್ಟಲಿಲ್ಲ. ಹೆರಾಲ್ಡ್ ಹಳೆ ಕಿಟಕಿಗಳನ್ನು ಜೋಡಿಸಿ ಮಾಡಿದ ಗಾಜಿನ ಗೂಡಿನಲ್ಲಿ ಹಾಕಿದ್ದು ಮಾತ್ರ ಹಬ್ಬಿತು.

ಚೀಲದ ಪ್ರಯಾಣ

ಒಂದೇ ಒಂದು ತೊಡಕಿತ್ತು. ಅಲ್ಲಿ ಹೆಚ್ಚಾದದ್ದನ್ನು ಪಕ್ಕದವರಿಗೆ ಕೊಡುವ ರೂಢಿ. ಹೆರಾಲ್ಡ್ ಶನಿವಾರ ಶನಿವಾರ ಒಂದು ಹಿಟ್ಟಿನ ಬಟ್ಟೆಚೀಲದ ತುಂಬ ಬಟಾಟೆ ತಂದು ಚಿಕ್ಕಮ್ಮನ ಕೈಗೆ ಕೊಡುತ್ತಿದ್ದರು. ಗುಲಾಬಿ ಕಣ್ಣಿನ ಆ ಬಟಾಟೆಯೆಂದರೆ ಅವರಿಗೆ ಪ್ರಾಣ. ಚೀಲಕ್ಕೆ ತೀರಿಕೊಂಡ ಹೆಂಡತಿ ಹಾಕಿದ ನೀಲಿ ತೇಪೆ ಇತ್ತು.

"ಬೇಡ ಅಂತ ಹೇಳ್ಬಾರದಾ?" ಎಂದು ಕೇಳಿದೆ.

"ಮೊದಲ ದಿನ ಕೊಟ್ಟಾಗ ಬಾಯಿಗೆ ಥ್ಯಾಂಕ್ಯೂ ಒಂದೇ ಬಂತು. ಒಮ್ಮೆ ಹೇಳಿದ ಮೇಲೆ ಎರಡನೇ ವಾರ ಹೇಗೆ ಬೇಡ ಹೇಳುದು? ಜಾಗ ಅವರದ್ದು. ಅವರ ಬಟಾಟೆ ಬೇಡ, ಅವರ ಮಣ್ಣು ಬೇಕು ಅಂದ ಹಾಗೆ ಆಗುದಿಲ್ಲವಾ?"

ಹಾಗಾಗಿ ಎರಡು ವರ್ಷದಿಂದ ಚಿಕ್ಕಮ್ಮ ಬಟಾಟೆಯನ್ನು ಮೂಲೆಮನೆಯ ಹೆಂಗಸಿಗೆ ದಾಟಿಸಿ, ಚೀಲ ಒಗೆದು, ಅದರಲ್ಲಿ ಅವರೆ ತುಂಬಿ ಹೆರಾಲ್ಡರಿಗೆ ತಿರುಗಿಸುತ್ತಿದ್ದರು. ಸೆಪ್ಟೆಂಬರಿನ ಒಂದು ವಾರ ಮೂಲೆಮನೆಯಿಂದ ಚೀಲ ತಿರುಗಿ ಬರಲಿಲ್ಲ.

ಅಲ್ಲಿ ಕೊಯ್ಲು ಮುಗಿದಾಗ ಚರ್ಚಿನಲ್ಲಿ ಒಂದು ಹಬ್ಬ. ನಮ್ಮ ಹೊಸ ಅಕ್ಕಿ ಊಟದ ಹಾಗೆ, ಆದರೆ ಊಟವಿಲ್ಲ. ಎಲ್ಲರೂ ಬೆಳೆದದ್ದನ್ನು ತಂದು ಇಡುತ್ತಾರೆ. ಪ್ರಾರ್ಥನೆಯಾದ ಮೇಲೆ ಅದನ್ನು ಊರಿನ ಒಂಟಿ ಮುದುಕರಿಗೆ ಹಂಚುತ್ತಾರೆ. ಮೂಲೆಮನೆಯ ಹೆಂಗಸು ತನ್ನಲ್ಲಿ ಮಿಕ್ಕಿದ ಬಟಾಟೆಯನ್ನು ಚೀಲ ಸಮೇತ ಅಲ್ಲಿ ಇಟ್ಟಿದ್ದಳು. ಊರಿನ ಒಂಟಿ ಮುದುಕರಲ್ಲಿ ಹೆರಾಲ್ಡ್ ಒಬ್ಬರು. ಅವರ ಬಟಾಟೆ, ಅವರ ಹೆಂಡತಿಯ ತೇಪೆಯ ಚೀಲದಲ್ಲಿ, ದಾನವಾಗಿ ಅವರ ಬಾಗಿಲಿಗೇ ಬಂತು.

ಸೋಮವಾರ ಗಾಜಿನ ಗೂಡಿನ ಬಾಗಿಲಿಗೆ ಆ ಚೀಲ ನೇತುಹಾಕಿತ್ತು. ಹೆರಾಲ್ಡ್ ಕಾಣಲಿಲ್ಲ. ಚಿಕ್ಕಮ್ಮ ಆ ವಾರ ಬಯಲಿಗೆ ಹೋಗಲೇ ಇಲ್ಲ. ಶುಕ್ರವಾರ ಸಂಜೆ ನಾನು ಹೋದಾಗ ಕಿಟಕಿಯ ಹತ್ತಿರ ಕೂತಿದ್ದರು. ಚಿಕ್ಕಪ್ಪ ಹೇಳಿದ್ದ ಹಳೆಯ ಕಿಟಕಿ ಅದೇ ಎಂದು ನನಗೆ ಹೊಳೆದು ಹೆದರಿಕೆಯಾಯಿತು. "ಜಾಗ ಬಿಡ್ತೇನೆ" ಎಂದರು. "ಬಿಟ್ಟ ಮೇಲೆ ಇಲ್ಲಿ ಎಂತ ಉಂಟು? ನಿನ್ನೊಟ್ಟಿಗೆ ಬರ್ತೇನೆ ಊರಿಗೆ. ಅಮ್ಮನಿಗೂ ಅದೇ ಬೇಕಲ್ಲ."

ಚಿಕ್ಕಪ್ಪ ತಟ್ಟೆಯ ಮೇಲೆ ಬಗ್ಗಿ ಉಂಡರು.

ಮೇಲೆ, ಕೆಳಗೆ

ಮರುದಿನ ನಾವಿಬ್ಬರೂ ಹೋದೆವು. "ನಾನು ವಿವರಿಸ್ತೇನೆ, ನನ್ನ ಇಂಗ್ಲಿಷ್ ಚೆನ್ನಾಗುಂಟು" ಎಂದೆ. "ನಿನ್ನ ಇಂಗ್ಲಿಷ್ ಚೆನ್ನಾಗುಂಟು, ಅಜ್ಜಿಯನ್ನು ಬೂದಿ ಮಾಡಿದ್ದು ಅದೇ" ಎಂದು ಚಿಕ್ಕಮ್ಮ ತಾವೇ ಮುಂದೆ ನಡೆದರು.

ಹೆರಾಲ್ಡ್ ಬೀಟ್‌ರೂಟ್ ಕೀಳುತ್ತಿದ್ದರು. ಎದ್ದು ನಿಲ್ಲಲಿಲ್ಲ.

"ಮಿಸ್ಟರ್ ಹೆರಾಲ್ಡ್, ನಾನು ತಿನ್ನುವುದಿಲ್ಲ" ಎಂದರು ಚಿಕ್ಕಮ್ಮ, ಒಂದೊಂದೇ ಶಬ್ದ ಇಟ್ಟು. ಅಂಗೈಯನ್ನು ನೆಲಕ್ಕೆ ಸಮವಾಗಿ ಹಿಡಿದರು. "ಮೇಲೆ, ತಿನ್ನುತ್ತೇನೆ. ಕೆಳಗೆ, ಇಲ್ಲ. ನನ್ನ ಅಮ್ಮ ಇಲ್ಲ, ಅಮ್ಮನ ಅಮ್ಮ ಇಲ್ಲ. ದೇವರು."

"ಯಾವತ್ತಿನಿಂದ?"

"ಹುಟ್ಟಿದಂದಿನಿಂದ."

"ಎರಡು ವರ್ಷ ನಾನು ಕೊಟ್ಟದ್ದು?"

"ಥ್ಯಾಂಕ್ಯೂ ಹೇಳಿದೆ" ಎಂದರು ಚಿಕ್ಕಮ್ಮ. ಅವರ ಕಣ್ಣು ತುಂಬಿತ್ತು.

ಮುದುಕರು ಕೈಯಲ್ಲಿದ್ದ ಬೀಟ್‌ರೂಟನ್ನು ನೋಡಿದರು. ಮತ್ತೆ ಅದನ್ನು ಎತ್ತಿ ಹಿಡಿದು, ಗೆಡ್ಡೆಯನ್ನು ತೋರಿಸಿ, "ಕೆಳಗೆ?" ಎಂದರು.

"ಕೆಳಗೆ. ಇಲ್ಲ."

ಎಲೆಯನ್ನು ತೋರಿಸಿದರು. "ಮೇಲೆ?"

"ಮೇಲೆ." ಚಿಕ್ಕಮ್ಮ ಯೋಚಿಸಿದರು. "ಎಲೆ ಆಗ್ತದೆ."

ಆ ಎಲೆಗಳನ್ನು ಹೆರಾಲ್ಡ್ ಜನ್ಮವಿಡೀ ಗೊಬ್ಬರದ ಗುಂಡಿಗೆ ಎಸೆದವರು. ಅಂದು ಅವರು ಶಾಲೆಯ ಹುಡುಗನ ಹಾಗೆ ಸಾಲು ಸಾಲಿನ ಬುಡಕ್ಕೂ ಹೋಗಿ ಮೇಲೆಯಾ ಕೆಳಗೆಯಾ ಎಂದು ಕೇಳುತ್ತ ಬಂದರು. ಮೂಲಂಗಿಯ ಹತ್ತಿರ ಬಂದಾಗ ಕೇಳುವ ಮೊದಲೇ ತಾವೇ ಎಲೆ ಮುರಿದು ಚಿಕ್ಕಮ್ಮನ ಮಡಿಲಿಗೆ ಹಾಕಿದರು. ಗೆಡ್ಡೆ ಅವರದ್ದು, ಎಲೆ ಇವರದ್ದು ಎಂದು ಆ ದಿನವೇ ತೀರ್ಮಾನವಾಯಿತು. ಸಂಜೆ ಸೂರ್ಯ ಮುಳುಗುವ ಮೊದಲು ಬೀಟ್‌ರೂಟಿನ ಎಲೆಯನ್ನು ಹರಿವೆಯ ಹಾಗೆ ತೆಂಗಿನಕಾಯಿ ಪುಡಿ ಹಾಕಿ ಪಲ್ಯ ಮಾಡಿದ್ದು ಕಂಡು ಚಿಕ್ಕಪ್ಪ ತಟ್ಟೆಯಿಂದ ತಲೆ ಎತ್ತಿದರು. "ಕಿತ್ತ ಪಾಪ ಅವರಿಗೆ, ತಿಂದ ಪುಣ್ಯ ನಿಮಗೆ. ಒಳ್ಳೇ ಪಾಲುಪಟ್ಟಿ!"

ಊರಿಗೆ ಬರುವ ಮಾತು ಚಿಕ್ಕಮ್ಮ ಮತ್ತೆ ಎತ್ತಲಿಲ್ಲ.

ಬೆಂಕಿಯ ದಿನ

ಅಕ್ಟೋಬರಿನಲ್ಲಿ, ನಾನು ಹೊರಡುವ ವಾರ, ಬಯಲಿನವರೆಲ್ಲ ಸೇರಿ ಒಣಗಿದ ಬಳ್ಳಿ, ಕೋಲು ರಾಶಿ ಹಾಕಿ ಸುಟ್ಟರು. ಗಾಜಿನ ಗೂಡಿನ ಸೌತೆಕಾಯಿ ಅಷ್ಟರಲ್ಲಿ ಚಿಕ್ಕಮ್ಮನ ಅಡುಗೆಮನೆಯ ದೀಪದ ಕೊಕ್ಕೆಗೆ ಸೆಣಬಿನ ದಾರದಲ್ಲಿ ತೂಗುತ್ತಿತ್ತು. ಹೆರಾಲ್ಡ್ ಬಂದು ಅದನ್ನು ನೋಡಿ, ಇದು ಪೂಜೆಗಾ ಎಂದು ಕೇಳಿದ್ದರು. ಬೀದಿಯ ಬೇರೆ ಇಬ್ಬರೂ ನೋಡಲು ಬಂದು ಚಾ ಕುಡಿದು ಹೋಗಿದ್ದರು.

ಬೆಂಕಿ ಇಳಿದ ಮೇಲೆ ಹೆರಾಲ್ಡ್ ಕೆಂಡದಡಿಯಲ್ಲಿ ಬಟಾಟೆ ಹುಗಿದಿಟ್ಟರು. ಅದು ಅಲ್ಲಿಯ ಕ್ರಮ. ಬೆಂಕಿಯ ಸುತ್ತ ಎಲ್ಲರೂ ಒಂದೊಂದು ತಿನ್ನಬೇಕು. ಕೋಲಿನಿಂದ ಹೊರಗೆ ಎಳೆದು ಒಬ್ಬೊಬ್ಬರಿಗೆ ಕೊಡುತ್ತ ಬಂದವರು ಮರೆತು ಚಿಕ್ಕಮ್ಮನಿಗೂ ಕೊಟ್ಟರು. ಕೊಟ್ಟ ಮೇಲೆ ನೆನಪಾಗಿ ಅವರ ಮುಖ ಕೆಂಪಾಯಿತು. ಚಿಕ್ಕಮ್ಮ ಸೆರಗಿನಲ್ಲಿ ಅದನ್ನು ಹಿಡಿದುಕೊಂಡರು. ಥ್ಯಾಂಕ್ಯೂ ಎಂದರು. ಆ ಚಳಿಯಲ್ಲಿ ಅದರಿಂದ ಹಬೆ ಏಳುತ್ತಿತ್ತು.

ಆಗ ಚಿಕ್ಕಪ್ಪ ಬೇಲಿಯ ಹತ್ತಿರದಿಂದ ನನ್ನನ್ನು ಕರೆದರು. ಏನಕ್ಕೆಂದು ನೆನಪಿಲ್ಲ. ನಾನು ತಿರುಗಿ ಬಂದಾಗ ಚಿಕ್ಕಮ್ಮನ ಕೈ ಖಾಲಿಯಿತ್ತು. ಸೆರಗಿನ ತುದಿಯಲ್ಲಿ ಬೆರಳು ಒರೆಸಿಕೊಳ್ಳುತ್ತಿದ್ದರು. ಕಾಲ ಬುಡದಲ್ಲಿ ಸಿಪ್ಪೆಯೂ ಇರಲಿಲ್ಲ, ಬಟಾಟೆಯೂ ಇರಲಿಲ್ಲ. ಹೆರಾಲ್ಡ್ ಬೆಂಕಿಯನ್ನೇ ನೋಡುತ್ತಿದ್ದರು, ಬಹಳ ಗಮನದಿಂದ.

ಮರಳಿ ಬೆಳುವಾಯಿ

ಬಂಟ್ವಾಳದಲ್ಲಿ ಒಂದು ರಾತ್ರಿ ಮಲಗಿ ಮರುದಿನವೇ ಬೆಳುವಾಯಿಗೆ ಹೋದೆ. ಬೂದಿಯ ಕತೆ ಕೇಳಿ ಅಜ್ಜಿ ಕೆಮ್ಮು ಬರುವಷ್ಟು ನಕ್ಕರು. "ಟೋಪಿ ತೆಗೆದನಾ? ನಿನ್ನ ಅಜ್ಜ ಬದುಕಿರುವಾಗ ನನಗೆ ಅಷ್ಟು ಮರ್ಯಾದೆ ಕೊಡ್ಲಿಲ್ಲ."

ಆಮೇಲೆ ಚಿಕ್ಕಮ್ಮ ಏನು ತಿನ್ನುತ್ತಾರೆಂದು ಹೇಳಿದೆ. ಬೂಟಿನ ಸುದ್ದಿಯನ್ನೂ ಹೇಳಿದೆ. ಅದನ್ನು ಹೇಳದೆ ಮಿಕ್ಕದ್ದನ್ನು ಹೇಳಲಾಗುತ್ತಿರಲಿಲ್ಲ. ಮಗಳು ಮಣ್ಣು ಅಗೆಯುತ್ತಾಳೆಂದರೆ ಸಿಟ್ಟಾಗುತ್ತಾರೆಂದು ಕಾದೆ. ಅಜ್ಜಿ ಮಾಡಿನಲ್ಲಿ ಉಳಿದಿದ್ದ ಸೌತೆಕಾಯಿಗಳನ್ನು ನೋಡುತ್ತಿದ್ದರು. ಮತ್ತೆ ಕೇಳಿದರು:

"ಅವಳ ಮನೆಗೆ ಜನ ಬರ್ತಾರಾ?"

"ಬರ್ತಾರೆ, ಅಜ್ಜಿ. ಚಾ ಕುಡಿದು, ಮಾತಾಡಿ ಹೋಗ್ತಾರೆ. ಬೀಜ ಕೂಡ ಕೇಳಿದ್ರು."

"ಹಾಗಾದ್ರೆ ಇರ್ಲಿ ಅಲ್ಲೇ" ಎಂದು ಎದ್ದು ಹೋದರು. ಅವರು ನನ್ನನ್ನು ಕಳಿಸಿದ್ದು ಯಾವ ಪ್ರಶ್ನೆ ಹಿಡಿದು ಎಂದು ಆಗ ನನಗೆ ಅರ್ಥವಾದ ಹಾಗಾಯಿತು. ಅಥವಾ ಆಮೇಲೆ ಅರ್ಥವಾಗಿ, ಆ ಹೊತ್ತಿಗೆ ಸೇರಿಸಿಕೊಂಡೆನೋ ಏನೋ.

ಎರಡು ವರ್ಷ ಕಳೆದು ಚಿಕ್ಕಮ್ಮ ರಜೆಗೆ ಬಂದರು. ಬಂದ ಮೂರನೆಯ ಬೆಳಿಗ್ಗೆಯೇ ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದು ಹರಿವೆಗೆ ಮಣ್ಣು ಸಡಿಲಿಸತೊಡಗಿದರು. ನೀರು ಹೊಯ್ಯುವ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು. ಸ್ವಲ್ಪ ಹೊತ್ತಿನಲ್ಲಿ ಚಿಕ್ಕಮ್ಮನ ಗುದ್ದಲಿ ಹಿಡಿಯುವ ರೀತಿಗೆ ಬಾಯಿ ತುಂಬ ನಕ್ಕು, ಹೀಗಲ್ಲ ಅಕ್ಕೆ, ಹಾಗೆ ಎಂದು ತೋರಿಸತೊಡಗಿದರು. ಬದುವಿನ ಮೇಲೆ ಅಜ್ಜಿ ನಿಂತಿದ್ದರು, ಏನೂ ಹೇಳದೆ.

ಅಜ್ಜಿ ಮನೆಯ ಕಡೆ ಹೋದ ಮೇಲೆ ನಾನೂ ಗದ್ದೆಗೆ ಇಳಿದು ಚಿಕ್ಕಮ್ಮನ ಪಕ್ಕದಲ್ಲಿ ಕೂತೆ. ಹೆರಾಲ್ಡ್ ಹೇಗಿದ್ದಾರೆ ಎಂದು ಕೇಳಿದೆ. ಹೋದ ಚಳಿಗಾಲದಲ್ಲಿ ಹೋದರು ಎಂದರು. ಇಡೀ ತುಂಡು ಈಗ ಇವರ ಕೈಯಲ್ಲಿತ್ತು. ಅವರ ಭಾಗದಲ್ಲಿ ಏನು ಹಾಕಿದ್ದೀರಿ ಎಂದಾಗ, ಅವರು ಹಾಕುತ್ತಿದ್ದದ್ದನ್ನೇ, ಹಂಚಲಿಕ್ಕೆ ಎಂದರು. ಚಿಕ್ಕಮ್ಮನ ಉಗುರಿನಲ್ಲಿ ಈಗ ಕೆಂಪು ಮಣ್ಣಿತ್ತು.

ಆಗ ನಾನು ಕೇಳಿದೆ. ಇಂದಿನವರೆಗೆ ಅದಕ್ಕೆ ಉತ್ತರ ಬಂದಿಲ್ಲ. ಅಂದು ಅವರು ಮುಂದಿನ ಗಿಡದ ಬುಡಕ್ಕೆ ಸರಿದು ಕೂತರು, ಅಷ್ಟೆ.

"ಚಿಕ್ಕಮ್ಮ, ಆ ದಿನ ಬೆಂಕಿಯ ಹತ್ತಿರ, ನಿಮ್ಮ ಕೈಯಲ್ಲಿದ್ದ ಬಟಾಟೆ ಎಲ್ಲಿ ಹೋಯಿತು?"